ನಾನು ರೂಪಕ ಅಂದೆ, ತಬಲಾ ಏಳು ಮಾತ್ರೆಯಲ್ಲಿ ಶುರುವಾಯಿತು: ನನ್ನ ಹಾಡಿನ ಮೊದಲ ರಿಹರ್ಸಲ್

ಮಳೆಹನಿ_ಸಾಗರ
ಎಲ್ಲರಿಗೂ ನಮಸ್ಕಾರ. ನನಗೆ 16 ವರ್ಷ, ಫಸ್ಟ್ ಪಿಯುಸಿ. ಸಾಗರದ ಹತ್ತಿರ ಒಂದು ಹಳ್ಳಿ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಎರಡು ವರ್ಷದಿಂದ ಸ್ವಂತ ಹಾಡು ಬರೆಯುತ್ತಿದ್ದೇನೆ. ಒಟ್ಟು ಹನ್ನೊಂದು ಆಗಿವೆ. ಅದರಲ್ಲಿ ನಾಲ್ಕು ಮಾತ್ರ ಬೇರೆಯವರ ಮುಂದೆ ಹಾಡುವ ಹಾಗಿವೆ.

ನನಗೆ ರಾಗ ಮೊದಲು ಬರುತ್ತದೆ, ಮಾತು ಆಮೇಲೆ. ಹೆಚ್ಚಾಗಿ ಕಾಲೇಜಿಗೆ ಹೋಗುವ ಬಸ್ಸಿನಲ್ಲೇ ಬರುತ್ತದೆ. ಫೋನ್‌ನಲ್ಲಿ ಯಾರ ಜೊತೆಗೋ ಮಾತಾಡುತ್ತಿರುವ ಹಾಗೆ ಕಿವಿಗೆ ಹಿಡಿದುಕೊಂಡು "ತಾನ ತಾನ" ಅಂತ ಗುನುಗಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಮಾತು ಬರುವುದಕ್ಕೆ ಒಂದು ವಾರವೂ ಆಗಬಹುದು, ಮೂರು ತಿಂಗಳೂ ಆಗಬಹುದು. ಈ ಹಾಡು ನಮ್ಮೂರ ಬಸ್ ಸ್ಟಾಪಿನ ನಾಯಿಯ ಮೇಲೆ ಬರೆದಿದ್ದು. ಮಳೆಗೆ ಬಸ್ ಬಾರದ ದಿನವೂ ಅದು ಅಲ್ಲೇ ಕೂತಿರುತ್ತದೆ. ಪಲ್ಲವಿ ಹೀಗಿದೆ:

ಬಸ್ಸು ಬರದ ದಾರಿಯಲ್ಲಿ
ನಾಯಿ ಒಂದು ಕಾಯುತ್ತಿದೆ

ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಒಂದು ಕಾರ್ಯಕ್ರಮ. ಚಿಕ್ಕಪ್ಪ ಹೇಳಿದ್ದಕ್ಕೆ ನನಗೂ ಎರಡು ಹಾಡಿಗೆ ಅವಕಾಶ ಸಿಕ್ಕಿದೆ. ಜೊತೆಗೆ ನುಡಿಸುವವರು ತಬಲಾ, ಕೊಳಲು, ಕೀಬೋರ್ಡ್, ಮೂವರೂ ಇದನ್ನೇ ವೃತ್ತಿ ಮಾಡಿಕೊಂಡವರು. ಕಳೆದ ಭಾನುವಾರ ಮೊದಲ ರಿಹರ್ಸಲ್ ಇತ್ತು.

ತಬಲಾ ಸರ್ "ಯಾವ ತಾಳ?" ಅಂದರು. ನಾನು "ರೂಪಕ" ಅಂದೆ. ಅವರು ನುಡಿಸತೊಡಗಿದರು, ನನ್ನ ಹಾಡು ಕೂರಲೇ ಇಲ್ಲ. ಮೂರು ಸಲ ಶುರು ಮಾಡಿದೆ. ಕೊಳಲಿನವರು "ಎಷ್ಟನೇ ಮನೆ ಶ್ರುತಿ?" ಅಂತ ಕೇಳಿದರು, ಅಂದರೆ ಹಾರ್ಮೋನಿಯಂನ ಯಾವ ಕೀ ನನ್ನ ಸ ಅಂತ. ಫೋನಿಗೆ ಗುನುಗಿದ್ದು ಒಂದೊಂದು ದಿನ ಒಂದೊಂದು ಶ್ರುತಿಯಲ್ಲಿದೆ, ಏನು ಹೇಳಬೇಕು ಗೊತ್ತಾಗಲಿಲ್ಲ. ಕೀಬೋರ್ಡ್‌ನವರು ಹಾಕಿದ ಕಾರ್ಡ್‌ಗಳಲ್ಲಿ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಾಡು ಅಳುವ ಹಾಡಾಯಿತು. ನಾನು ಬರೆದಿದ್ದು ಅಳುವುದಕ್ಕಲ್ಲ. ಕೊನೆಗೆ ಅವರೇ "ಕಾಯುತ್ತಿದೆ ತಾಳಕ್ಕೆ ಎಡವುತ್ತೆ, ಕಾಯುತಿಹುದು ಅಂತ ಮಾಡು" ಅಂದರು. ನಮ್ಮ ಮನೆಯಲ್ಲಿ ಯಾರೂ "ಕಾಯುತಿಹುದು" ಅನ್ನುವುದಿಲ್ಲ.

ಎಲ್ಲದಕ್ಕೂ ಹೂಂ ಅಂದು ಬಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ಬಂತು. ಅವರು ಕೆಟ್ಟವರಲ್ಲ, ತುಂಬಾ ಚೆನ್ನಾಗಿ ನುಡಿಸುತ್ತಾರೆ. ಆದರೆ ಈಗ ಇದು ಯಾರ ಹಾಡು? ಎಲ್ಲಿ ಬೇಡ ಅನ್ನಬಹುದು, ಎಲ್ಲಿ ಅನ್ನಬಾರದು?

ಏಳುಮಾತ್ರೆ
ತಂಗಿ, ನಾನು ಧಾರವಾಡದವನು, ತಬಲಾ ನುಡಿಸುತ್ತೇನೆ. ಮೊದಲು ಒಂದು ಮಾತು. ರೂಪಕದ ವಿಷಯದಲ್ಲಿ ನಿನ್ನ ತಪ್ಪಿಲ್ಲ, ಅವರ ತಪ್ಪೂ ಇಲ್ಲ. ಹೆಸರು ಒಂದೇ, ತಾಳ ಎರಡು. ನೀವು ಕರ್ನಾಟಕ ಸಂಗೀತದಲ್ಲಿ ಹಾಕುವ ರೂಪಕ ಆರು ಅಕ್ಷರದ್ದು. ನಮ್ಮ ಹಿಂದೂಸ್ತಾನಿಯಲ್ಲಿ ರೂಪಕ್ ಅಂದರೆ ಏಳು ಮಾತ್ರೆ, ಮೂರು ಎರಡು ಎರಡು. ತಿಂ ತಿಂ ನಾ, ಧಿ ನಾ, ಧಿ ನಾ. ಅದೂ ಸಮ್, ಅಂದರೆ ಮೊದಲ ಮಾತ್ರೆ, ಖಾಲಿಯಲ್ಲಿ (ತೂಕವಿಲ್ಲದ ಮೆತ್ತನೆಯ ಪೆಟ್ಟಿನಲ್ಲಿ) ಬೀಳುತ್ತದೆ. ಆರರ ಹಾಡನ್ನು ಏಳರ ಮೇಲೆ ಇಟ್ಟರೆ ಯಾರಿಗೂ ಕೂರುವುದಿಲ್ಲ.

ಮುಂದಿನ ಸಲ "ದಾದ್ರಾ" ಅನ್ನು. ಧಾ ಧಿ ನಾ, ಧಾ ತಿ ನಾ. ಆರು ಮಾತ್ರೆ. ನಿನ್ನ ಸಾಲು ಅದರೊಳಗೆ ಸಲೀಸಾಗಿ ಕೂರುತ್ತದೆ. ಇನ್ನೂ ಒಳ್ಳೆಯದು ಅಂದರೆ ತಾಳದ ಹೆಸರೇ ಹೇಳಬೇಡ. ಕೈಯಲ್ಲಿ ತಟ್ಟಿ ಎರಡು ಸಾಲು ಹಾಡಿಬಿಡು. ನಮಗೆ ಅಷ್ಟು ಸಾಕು.

ಗದಗ್_ಹುಡುಗ
ಇದೇ ತೊಂದರೆ ರಾಗದ ಹೆಸರಲ್ಲೂ ಇದೆ. ಕರ್ನಾಟಕದ ಹಿಂದೋಳಕ್ಕೆ ನಮ್ಮ ಕಡೆ ಮಾಲಕಂಸ್ ಅಂತಾರೆ. ನಮ್ಮ ಹಿಂಡೋಲ್ ಬೇರೆಯೇ ರಾಗ. ತೋಡಿ ಅಂದರೂ ಎರಡೂ ಕಡೆ ಬೇರೆ. ಮೋಹನಕ್ಕೆ ಭೂಪ್. ಹುಬ್ಬಳ್ಳಿಗೆ ಹೋದಾಗ ಸ್ವರ ಹೇಳಿಬಿಡಿ, ಹೆಸರು ಬೇಡ.

ಬಿದಿರುಕೊಳಲು
ಕೊಳಲಿನವರು ಮನೆ ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಪುಟ್ಟಿ. ನಮ್ಮದು ಹಾರ್ಮೋನಿಯಂ ಅಲ್ಲ. ಒಂದೊಂದು ಶ್ರುತಿಗೆ ಒಂದೊಂದು ಕೊಳಲು. ಚೀಲದಲ್ಲಿ ಎಂಟು ಹತ್ತು ಇರುತ್ತವೆ, ಆದರೂ ಮೊದಲೇ ಗೊತ್ತಿದ್ದರೆ ಒಳ್ಳೆಯ ಕೊಳಲು ಆರಿಸಿ ತರುತ್ತೇವೆ.

ಮನೆ ಹುಡುಕುವುದು ಹೇಗೆ ಅಂದರೆ, ತಂಬೂರಿ ಆ್ಯಪ್ ಹಾಕಿಕೊಳ್ಳಿ. ಹಾಡಿನ ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನದು ಯಾವುದು ಅಂತ ಗುರುತು ಮಾಡಿ. ಐದು ಮನೆ, ಐದೂವರೆ, ಆರು, ಮೂರರಲ್ಲೂ ಪೂರ್ತಿ ಹಾಡಿ. ಪಲ್ಲವಿಯ ಕೆಳಗಿನ ಸ್ವರ ಗಂಟಲಲ್ಲೇ ಮುಳುಗಿದರೆ ಒಂದು ಅರ್ಧ ಮನೆ ಏರಿಸಿ. ಚರಣದ ಮೇಲಿನ ಸ್ವರಕ್ಕೆ ಕತ್ತು ಬಿಗಿಯಾದರೆ ಇಳಿಸಿ. ಬೆಳಗ್ಗೆ ಏಳು ಗಂಟೆಯ ಗಂಟಲಲ್ಲಿ ಅಲ್ಲ, ಕಾರ್ಯಕ್ರಮ ಇರುವ ಸಂಜೆ ಹೊತ್ತಲ್ಲಿ ನೋಡಿ.

ಏಳುಮಾತ್ರೆ
ಅದಕ್ಕೆ ಸೇರಿಸುತ್ತೇನೆ. ತಬಲಾಕ್ಕೂ ಶ್ರುತಿ ಬೇಕು. ಐದೂವರೆ ಮನೆ ಅಂದರೆ ನಾವು ಸಾಮಾನ್ಯವಾಗಿ ಅದರ ಮಧ್ಯಮಕ್ಕೋ (ಮ) ಪಂಚಮಕ್ಕೋ (ಪ) ತಬಲಾ ಸೇರಿಸುತ್ತೇವೆ. ರಾಗದಲ್ಲಿ ಮಧ್ಯಮವೇ ಇಲ್ಲದಿದ್ದರೆ ಮಧ್ಯಮಕ್ಕೆ ಸೇರಿಸಿದ ತಬಲಾ ಹಾಡಿನುದ್ದಕ್ಕೂ ಕಿವಿಗೆ ಚುಚ್ಚುತ್ತದೆ. ನಿನ್ನ ಎರಡೂ ಹಾಡು ಒಂದೇ ಮನೆಯಲ್ಲಿದ್ದರೆ ವೇದಿಕೆಯ ಮೇಲೆ ಸುತ್ತಿಗೆ ಹಿಡಿದು ಕೂರುವುದು ತಪ್ಪುತ್ತದೆ.

ಎರಡು_ಮಕ್ಕಳ_ತಾಯಿ
ಮಗಳೇ, ಹಾಡೆಲ್ಲ ಚೆಂದ. ಆದರೆ ಓದಿನ ಕಡೆ ಗಮನ ಇದೆ ತಾನೇ? ಮುಂದಿನ ವರ್ಷ ಬೋರ್ಡ್ ಪರೀಕ್ಷೆ.

ಗದಗ್_ಹುಡುಗ
ಅಕ್ಕ, ಅವಳು ಕೇಳಿದ್ದು ಅದಲ್ಲ.

ಎರಡು_ಮಕ್ಕಳ_ತಾಯಿ
ಗೊತ್ತು ತಮ್ಮ. ನಾನೂ ಹಾಡುತ್ತಿದ್ದೆ. ಸೆಕೆಂಡ್ ಪಿಯುಸಿಯಲ್ಲಿ ನಿಲ್ಲಿಸಿದೆ, ಮತ್ತೆ ಶುರು ಮಾಡಲೇ ಇಲ್ಲ. ಅವಳಿಗೆ ಎರಡೂ ಇರಲಿ ಅಂತ ಕೇಳಿದೆ ಅಷ್ಟೆ.

ಕನ್ನಡಮೇಷ್ಟ್ರು
ನಿಮ್ಮ ಪಲ್ಲವಿ ಓದಿ ಖುಷಿಯಾಯಿತು. ಆ ಒಂದು ಪದ ಯಾಕೆ ಎಡವುತ್ತದೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ, ನಾನು ಹೇಳುತ್ತೇನೆ.

ನೀವು ಗೊತ್ತಿಲ್ಲದೆಯೇ ಮೂರು ಮಾತ್ರೆಯ ಗಣದಲ್ಲಿ ಬರೆದಿದ್ದೀರಿ. ಉತ್ಸಾಹ ರಗಳೆಯ ನಡೆ ಅದೇ. ಬಸ್ಸು, ಬರದ, ದಾರಿ, ಯಲ್ಲಿ. ಪ್ರತಿಯೊಂದೂ ಮೂರು. ನಾಯಿ ಮೂರು, ಒಂದು ಮೂರು. ಈಗ "ಕಾಯುತ್ತಿದೆ" ನೋಡಿ. ಕಾ ಎರಡು. ಯು ಹ್ರಸ್ವ, ಆದರೆ ಮುಂದೆ ಒತ್ತಕ್ಷರ ಇರುವುದರಿಂದ ಅದೂ ಎರಡು. ತ್ತಿ ಒಂದು, ದೆ ಒಂದು. ಒಟ್ಟು ಆರು, ಲೆಕ್ಕ ಸರಿ. ಆದರೆ ಮೂರಕ್ಕೆ ಕತ್ತರಿಸಲು ಹೋದರೆ ಕತ್ತರಿ "ಯುತ್" ನಡುವೆ ಬೀಳುತ್ತದೆ. ತಬಲಾದ ಪೆಟ್ಟು ಅಲ್ಲೇ ಬೀಳುವುದರಿಂದ ನಾಲಗೆ ಎಡವುತ್ತದೆ.

ಕೀಬೋರ್ಡ್‌ನವರು ಹೇಳಿದ "ಕಾಯುತಿಹುದು" ಎಣಿಕೆಗೆ ಸರಿ: ಕಾಯು, ತಿಹುದು. ನಿಮಗೆ ಬೇಡ ಅನ್ನಿಸಿದ್ದೂ ಸರಿ. ಬಸ್ಸು, ನಾಯಿ ಇರುವ ಸಾಲಿನಲ್ಲಿ ಅದು ಹಳೆಯ ಕಾವ್ಯದ ಮಾತು. ಅವರು ತೊಂದರೆಯನ್ನು ಸರಿಯಾಗಿ ಹಿಡಿದರು. ಪರಿಹಾರ ಮಾತ್ರ ನಿಮ್ಮದೇ ಆಗಿರಬೇಕು.

ಹಾಡುಪಾಡು_ಮೈಸೂರು
ಮೇಷ್ಟ್ರೇ, ಪೂರ್ತಿ ಒಪ್ಪಲಾರೆ. ಹಾಡು ಅಂದರೆ ಛಂದಸ್ಸಿನ ಪರೀಕ್ಷೆ ಅಲ್ಲ. ಜನಪದ ಹಾಡುವವರು ಮಾತ್ರೆ ಎಣಿಸುತ್ತಾರಾ? ಎಳೆಯುವ ಕಡೆ ಎಳೆಯುತ್ತಾರೆ, ನುಂಗುವ ಕಡೆ ನುಂಗುತ್ತಾರೆ. "ಕಾ" ಅನ್ನು ಸ್ವಲ್ಪ ಎಳೆದು "ಯುತ್ತಿದೆ"ಯನ್ನು ಬೇಗ ಹೇಳಿದರೆ ಆಯಿತು. ಈಗಿನ ಎಷ್ಟೋ ಹಾಡುಗಳಲ್ಲಿ ಪದ ತಾಳದ ಪೆಟ್ಟಿಗೆ ಅಡ್ಡವಾಗಿಯೇ ಬೀಳುತ್ತದೆ, ಅದೇ ಅದರ ಚೆಂದ.

ಕನ್ನಡಮೇಷ್ಟ್ರು
ಅಡ್ಡ ಬೀಳಿಸುವುದು ಬೇರೆ, ಅಡ್ಡ ಬೀಳುವುದು ಬೇರೆ.

ಹಾಡುಪಾಡು_ಮೈಸೂರು
ಆಯಿತು, ಆದರೆ ಅದನ್ನು ತೀರ್ಮಾನಿಸಬೇಕಾದವಳು ಅವಳು. 16ರ ಹುಡುಗಿ ತನ್ನ ಕಿವಿಗೆ ಬಂದದ್ದನ್ನು ಬರೆದಿದ್ದಾಳೆ. ಮೊದಲ ದಿನವೇ ಗಣ ವಿಭಾಗ ಮಾಡಿಸಿದರೆ ಮುಂದೆ ಅವಳು ಎಣಿಸಿಕೊಂಡೇ ಬರೆಯುತ್ತಾಳೆ. ನನಗಿರುವ ಭಯ ಅದು.

ಏಳುಮಾತ್ರೆ
ಇಬ್ಬರ ಮಾತೂ ನಡೆಯುತ್ತದೆ. ನಮಗೆ ಬೇಕಾದ್ದು ಒಂದೇ. ಪ್ರತಿ ಸಲವೂ ಅದೇ ಜಾಗದಲ್ಲಿ ಅಡ್ಡ ಬಿದ್ದರೆ ನಾವು ಅದಕ್ಕೆ ತಕ್ಕ ಹಾಗೆ ನುಡಿಸುತ್ತೇವೆ. ಒಂದು ಸಲ ಹಾಗೆ, ಒಂದು ಸಲ ಹೀಗೆ ಆದರೆ ಕಷ್ಟ.

ಕೀಬೋರ್ಡ್_ಕಿಟ್ಟಿ
ಅಳುವ ಹಾಡು ಆಗಿದ್ದರ ಬಗ್ಗೆ ಹೇಳುತ್ತೇನೆ. ರಾಗ ಮೋಹನದ ಹತ್ತಿರ ಇದೆಯಾ? ಸ ರಿ ಗ ಪ ದ?

ಮಳೆಹನಿ_ಸಾಗರ
ಹೌದು ಅಣ್ಣ! ಹೇಗೆ ಗೊತ್ತಾಯಿತು? ಚರಣದಲ್ಲಿ ಒಂದೇ ಕಡೆ ನಿಷಾದ ಬರುತ್ತದೆ. ನಿನ್ನೆ ತಂಬೂರಿ ಹಾಕಿ ನೋಡಿದೆ, ಐದೂವರೆ ಮನೆ ಸರಿ ಬರುತ್ತದೆ.

ಕೀಬೋರ್ಡ್_ಕಿಟ್ಟಿ
ಹಾಗಾದರೆ ಆಗಿರುವುದು ಇದು. ಐದೂವರೆ ಮನೆ ಅಂದರೆ ಜಿ ಶಾರ್ಪ್. ಆ ಐದು ಸ್ವರಗಳ ಕೆಳಗೆ ಜಿ ಶಾರ್ಪ್ ಮೇಜರ್ ಕಾರ್ಡ್ ಇಟ್ಟರೆ ಹಾಡು ಬೆಳಕಾಗಿ ಕೇಳುತ್ತದೆ. ಎಫ್ ಮೈನರ್ ಇಟ್ಟರೆ ಮಂಕಾಗುತ್ತದೆ. ಎಫ್ ಮೈನರ್‌ನ ಮೂರೂ ಸ್ವರ ನಿಮ್ಮ ಮೋಹನದೊಳಗೇ ಇವೆ: ದ, ಸ, ಗ. ಅಂದರೆ ಒಂದು ಸ್ವರವೂ ಬದಲಾಗದೆ ಹಾಡಿನ ಮುಖವೇ ಬದಲಾಗುತ್ತದೆ. ನಿಮ್ಮ ಮಾತು ಕೇಳಿ, ಕಾಯುವ ನಾಯಿ ಅಂದರೆ ದುಃಖ ಅಂತ ಅವರಿಗೆ ಅನ್ನಿಸಿರಬಹುದು.

"ಸರ್, ಇದು ದುಃಖ ಅಲ್ಲ, ನಾಯಿ ಖುಷಿಯಾಗೇ ಕಾಯುತ್ತಿದೆ" ಅಂತ ಹೇಳಿ. ಕಾರ್ಡ್ ಹೆಸರು ಗೊತ್ತಿರಬೇಕಿಲ್ಲ. ಹಾಡಲ್ಲಿ ಏನಾಗುತ್ತಿದೆ ಅಂತ ಬರೆದವರು ಹೇಳಿದರೆ ನಮಗೆ ಕೈ ತಾನಾಗಿಯೇ ಸರಿ ಜಾಗಕ್ಕೆ ಹೋಗುತ್ತದೆ. ನನಗೆ ಅತಿ ಕಷ್ಟ ಕೊಡುವುದು ಎಲ್ಲದಕ್ಕೂ ಹೂಂ ಅನ್ನುವ ಗಾಯಕರೇ.

ಹಳೇ_ರೇಡಿಯೋ
ಚಿಕ್ಕ ವಯಸ್ಸು ಅಂತ ಹಿಂಜರಿಯಬೇಡ ಮಗು. ಬಾಲಮುರಳಿಕೃಷ್ಣ 15ರ ಹೊತ್ತಿಗೆ 72 ಮೇಳಕರ್ತ (ಮೂಲ) ರಾಗಗಳಲ್ಲೂ ಕೃತಿ ರಚಿಸಿದ್ದರು. ನಮ್ಮ ಗದಗದ ಭೀಮಸೇನ ಜೋಶಿ ಸಂಗೀತ ಕಲಿಯಬೇಕು ಅಂತ ಮನೆ ಬಿಟ್ಟಾಗ ಇನ್ನೂ ಹುಡುಗ.

ಡಲ್ಲಾಸ್_ಕನ್ನಡಿಗ
ಇಂಗ್ಲೆಂಡಿನ ಗಾಯಕಿ ಕೇಟ್ ಬುಶ್ ಕಥೆ ಇದಕ್ಕೆ ಇನ್ನೂ ಹತ್ತಿರ. ಚಿಕ್ಕ ಹುಡುಗಿಯಾಗಿದ್ದಾಗಲೇ ಮನೆಯಲ್ಲಿ ಪಿಯಾನೋ ಮುಂದೆ ಕೂತು ಸ್ವಂತ ಹಾಡು ಕಟ್ಟುತ್ತಿದ್ದಳು. ಪಿಂಕ್ ಫ್ಲಾಯ್ಡ್ ರಾಕ್ ತಂಡದ ಡೇವಿಡ್ ಗಿಲ್ಮೋರ್ ಅವನ್ನು ಕೇಳಿ, ತನ್ನ ದುಡ್ಡಲ್ಲೇ ಸರಿಯಾದ ರೆಕಾರ್ಡಿಂಗ್ ಮಾಡಿಸಿದರು. 1975ರಲ್ಲಿ ಲಂಡನ್ನಿನ ಏರ್ ಸ್ಟುಡಿಯೋದಲ್ಲಿ, ವೃತ್ತಿಪರ ವಾದಕರ ಜೊತೆ ಹಾಡಿದಾಗ ಆಕೆಗೆ 16. ಅವತ್ತಿನ ಎರಡು ಹಾಡು 1978ರಲ್ಲಿ ಬಂದ ಮೊದಲ ಆಲ್ಬಂನಲ್ಲಿ ಹಾಗೆಯೇ ಸೇರಿದವು. ದೊಡ್ಡ ವಾದ್ಯಮೇಳದ ನಡುವೆಯೂ ಹುಡುಗಿ ಮತ್ತು ಪಿಯಾನೋ ಕಳೆದುಹೋಗಿಲ್ಲ. ಆ ವಾದ್ಯಗಳನ್ನು ಜೋಡಿಸಿದವರು ಹಾಡಿಗೆ ಜಾಗ ಬಿಟ್ಟಿದ್ದರು ಅಂತ ಕೇಳಿದಾಗಲೆಲ್ಲ ನನಗೆ ಅನ್ನಿಸುತ್ತದೆ.

ಹಾಡುಪಾಡು_ಮೈಸೂರು
ಒಳ್ಳೆಯ ಉದಾಹರಣೆಗಳೇ. ಆದರೆ ಇಷ್ಟು ದೊಡ್ಡವರ ಹೆಸರು ಕೇಳಿದರೆ ಅವಳಿಗೆ ಧೈರ್ಯ ಬರುತ್ತದೋ ಭಯ ಆಗುತ್ತದೋ? ಎಲ್ಲರೂ 72 ರಾಗದಲ್ಲಿ ಬರೆಯಬೇಕಿಲ್ಲ. ಹನ್ನೊಂದು ಬರೆದು ನಾಲ್ಕೇ ಹಾಡುವ ಹಾಗಿವೆ ಅಂತ ತಾನೇ ಆರಿಸಿಕೊಂಡಿದ್ದಾಳೆ. ಈ ವಯಸ್ಸಿಗೆ ಅದೇ ದೊಡ್ಡದು.

ಹಳೇ_ರೇಡಿಯೋ
ಒಪ್ಪಿದೆ.

ಕರಿಕೋಟು
"ಯಾರ ಹಾಡು" ಅನ್ನುವ ಪ್ರಶ್ನೆಗೆ ಕಾನೂನಿನ ಕಡೆಯಿಂದ ಉತ್ತರ ಸರಳ. ಸಾಹಿತ್ಯ ಮತ್ತು ರಾಗ ಸಂಯೋಜನೆ ನಿಮ್ಮದಾದ್ದರಿಂದ ಎರಡರ ಹಕ್ಕುಸ್ವಾಮ್ಯವೂ ನಿಮ್ಮದೇ. ಮಾತು ಬರೆದಿಟ್ಟ ಕ್ಷಣ, ಸಂಗೀತ ದಾಖಲಾದ ಕ್ಷಣವೇ ಅದು ಹುಟ್ಟುತ್ತದೆ, ನೋಂದಣಿ ಕಡ್ಡಾಯ ಅಲ್ಲ. ಬರೆದವರ ಜೀವಿತಾವಧಿ, ಆಮೇಲೆ 60 ವರ್ಷ. ನಾಳೆ ಯಾರಾದರೂ ಪ್ರಶ್ನಿಸಿದರೆ ಬಸ್ಸಿನ ರೆಕಾರ್ಡಿಂಗ್‌ಗಳೇ ಸಾಕ್ಷಿ. ದಿನಾಂಕ ಸಮೇತ ಜೋಪಾನವಾಗಿ ಇಟ್ಟುಕೊಳ್ಳಿ.

ಗದಗ್_ಹುಡುಗ
ವಕೀಲರೇ, ಅವಳಿಗೆ 18 ಆಗಿಲ್ಲ. ಹಕ್ಕು ಅಪ್ಪ ಅಮ್ಮನಿಗೆ ಹೋಗುತ್ತದೆ ಅಲ್ವಾ?

ಕರಿಕೋಟು
ಇಲ್ಲ, ಇದು ತುಂಬಾ ಜನ ಮಾಡುವ ತಪ್ಪು. ಹಕ್ಕು ಬರೆದವರದ್ದು, ವಯಸ್ಸಿನ ಮಾತಿಲ್ಲ. ವಯಸ್ಸು ಅಡ್ಡ ಬರುವುದು ಒಪ್ಪಂದಕ್ಕೆ. 1872ರ ಒಪ್ಪಂದ ಕಾಯಿದೆಯ ಪ್ರಕಾರ 18 ತುಂಬದವರು ಮಾಡಿಕೊಂಡ ಒಪ್ಪಂದ ಊರ್ಜಿತವಲ್ಲ. ಹಾಗಾಗಿ ಯಾರಾದರೂ ಕಾಗದ ಮುಂದಿಟ್ಟರೆ ನೀವೊಬ್ಬರೇ ಸಹಿ ಹಾಕಬೇಡಿ. ಮನೆಯವರು ಓದಲಿ. ಹಕ್ಕನ್ನು ಬೇರೆಯವರಿಗೆ ಕೊಡುವುದು ಬರಹದಲ್ಲೇ ಆಗಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಅಂತ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಕಾನೂನು ಭಾವಿಸುತ್ತದೆ.

ಮಳೆಹನಿ_ಸಾಗರ
ಇದನ್ನು ಓದಿ ಬೆಚ್ಚಿದೆ. ಕಾರ್ಯಕ್ರಮದವರು ವಾಟ್ಸಾಪಲ್ಲಿ ಒಂದು ಫಾರಂ ಕಳಿಸಿದ್ದಾರೆ. "ಎಲ್ಲಾ ಹಕ್ಕುಗಳನ್ನು ಶಾಶ್ವತವಾಗಿ" ಅಂತಿದೆ. ಸುಮ್ನೆ ಸಹಿ ಹಾಕಿ ಕಳಿಸುವವಳಿದ್ದೆ.

ಕರಿಕೋಟು
ಕಳಿಸಬೇಡಿ. ವೇದಿಕೆಯ ವಿಡಿಯೋ ಹಾಕಿಕೊಳ್ಳಲು ಅನುಮತಿ, ಅಷ್ಟೇ ಸಾಕು ಅಂತ ಅಪ್ಪನಿಂದ ಹೇಳಿಸಿ. ಹೆಚ್ಚಿನವರು ಒಪ್ಪುತ್ತಾರೆ. ಎಲ್ಲಿಂದಲೋ ನಕಲು ಮಾಡಿದ ಫಾರಂ ಆಗಿರುತ್ತದೆ.

ಬಿದಿರುಕೊಳಲು
ಇನ್ನೊಂದು ವಿಷಯ. ರಿಹರ್ಸಲ್‌ಗೆ ಬರುವಾಗ ಒಂದು ಹಾಳೆ ತನ್ನಿ. ಪಲ್ಲವಿ ಎಷ್ಟು ಸಲ, ಬಿಟ್ (ನಡುವೆ ವಾದ್ಯ ಮಾತ್ರ ನುಡಿಸುವ ತುಂಡು) ಎಲ್ಲಿ, ಚರಣ ಆದ ಮೇಲೆ ನೇರ ಪಲ್ಲವಿಯೋ ಮತ್ತೆ ಬಿಟ್ಟೋ, ಮುಗಿಯುವುದು ಹೇಗೆ. ಸಾಹಿತ್ಯದ ಮೂರು ಪ್ರತಿ. ಭಾನುವಾರದ ಒಂದು ಮಧ್ಯಾಹ್ನದಲ್ಲಿ ಹತ್ತು ಗಾಯಕರ ಹಾಡು ಮುಗಿಸಬೇಕಿರುತ್ತದೆ ನಮಗೆ. ಹಾಳೆ ತಂದವರ ಹಾಡಿಗೆ ಜಾಸ್ತಿ ಸಮಯ ಉಳಿಯುತ್ತದೆ.

ಮಲೆನಾಡ_ಚಂಡೆ
ಮುಗಿಸುವುದಕ್ಕೆ ಯಕ್ಷಗಾನ ನೋಡಿ ಕಲಿ ತಂಗಿ. ನಿನಗೆ ಸಾಗರದಲ್ಲಿ ಅದಕ್ಕೇನು ಕೊರತೆ? ಭಾಗವತರೇ ಮೊದಲ ವೇಷ ಅಂತಾರೆ. ಮದ್ದಳೆಯವರ ಕಣ್ಣು ಯಾವಾಗಲೂ ಅವರ ಮೇಲೆ. ಪದ್ಯ ನಿಲ್ಲಿಸಬೇಕಾದರೆ ಕೈತಾಳದಲ್ಲೇ ಗೊತ್ತು ಮಾಡುತ್ತಾರೆ. ನಾನು ಹದಿನೇಳರಲ್ಲಿ ಮೊದಲ ಸಲ ದೊಡ್ಡವರ ಜೊತೆ ಚಂಡೆಗೆ ಕೂತಾಗ ತಲೆ ಬಗ್ಗಿಸಿಕೊಂಡೇ ಬಾರಿಸಿದೆ. ಭಾಗವತರು ನಿಲ್ಲಿಸಿದ ಮೇಲೂ ನನ್ನ ಚಂಡೆ ನಡೆದೇ ಇತ್ತು. ಅವತ್ತಿನಿಂದ ಕತ್ತು ಎತ್ತಿದ್ದೇನೆ. ನೀನೂ ಕಣ್ಣು ಮುಚ್ಚಿಕೊಂಡು ಹಾಡಬೇಡ.

ಗದಗ್_ಹುಡುಗ
ಅಣ್ಣ, ಈ ವರ್ಷ ಮೇಳದ ತಿರುಗಾಟ ಶುರುವಾಯಿತಾ?

ಮಲೆನಾಡ_ಚಂಡೆ
ಮಳೆ ನಿಲ್ಲಲಿ ಮೊದಲು.

ಮಳೆಹನಿ_ಸಾಗರ
ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನ "ಕಾಯುತ್ತಿದೆ" ಜೊತೆ ಕೂತಿದ್ದೆ. ಎಳೆದು ಹಾಡಿ ನೋಡಿದೆ, ನನಗೇ ಪ್ರತಿ ಸಲ ಬೇರೆ ಬೇರೆ ಬರುತ್ತಿತ್ತು. ಆಮೇಲೆ ನಿನ್ನೆ ಬಸ್ ಸ್ಟಾಪಲ್ಲಿ ಅಜ್ಜಿಯೊಬ್ಬರು "ಕಾದು ಕಾದು ಸಾಕಾತು" ಅಂದರು. ಈಗ ಹೀಗಿದೆ:

ಬಸ್ಸು ಬರದ ದಾರಿಯಲ್ಲಿ
ನಾಯಿ ಒಂದು ಕಾದು ಕಾದು
ಬಾಲ ಕೂಡ ನೆನೆದು ಹೋಯ್ತು

ಎರಡು ಸಾಲು ಇದ್ದದ್ದು ಮೂರಾಯಿತು. ರಾಗವನ್ನೂ ಸ್ವಲ್ಪ ಉದ್ದ ಮಾಡಬೇಕಾಯಿತು.

ಕನ್ನಡಮೇಷ್ಟ್ರು
ಬಾಲ ನೆನೆಯುವ ಸಾಲು ತುಂಬಾ ಚೆನ್ನಾಗಿದೆ. ಮೊದಲಿನದರಲ್ಲಿ ಅದು ಇರಲೇ ಇಲ್ಲ. ಎಲ್ಲಾ ಗಣವೂ ಮೂರು ಮೂರು.

ಹಾಡುಪಾಡು_ಮೈಸೂರು
ನಾನು ಸೋತೆ ಅಂತ ಅಲ್ಲ, ಆದರೆ ಇದು ಮೊದಲಿಗಿಂತ ಒಳ್ಳೆಯದು. ಮನೆಯಲ್ಲಿ ಆಡುವ ಮಾತೇ ಉಳಿದಿದೆ.

ಮಳೆಹನಿ_ಸಾಗರ
ಕಾರ್ಯಕ್ರಮ ಮುಗಿಯಿತು! ಬರೆಯುವುದು ತಡವಾಯಿತು, ಕಿರುಪರೀಕ್ಷೆ ಇತ್ತು (ತಾಯಿ ಅಕ್ಕ, ಚೆನ್ನಾಗಿ ಮಾಡಿದ್ದೇನೆ).

ಎರಡನೇ ರಿಹರ್ಸಲ್‌ಗೆ ಹಾಳೆ ತೆಗೆದುಕೊಂಡು ಹೋದೆ. "ದಾದ್ರಾ, ಐದೂವರೆ, ಮಧ್ಯಮ ಇಲ್ಲ" ಅಂದೆ. ತಬಲಾ ಸರ್ ಏನೂ ಹೇಳದೆ ಪಂಚಮಕ್ಕೆ ಸೇರಿಸಿಕೊಂಡರು. ಕೀಬೋರ್ಡ್ ಸರ್‌ಗೆ "ನಾಯಿ ಖುಷಿಯಾಗಿದೆ" ಅಂದೆ. ಒಂದು ಸಲ ನುಡಿಸಿ "ಹೀಗಾ?" ಅಂದರು. ಹಾಗೇ ಇತ್ತು. ಆದರೆ ಎರಡನೇ ಚರಣದಲ್ಲಿ ಒಂದು ಕಡೆ ಆ ಮೈನರ್ ಇರಲಿ ಅಂತ ನಾನೇ ಕೇಳಿದೆ. ಅಲ್ಲಿ ಕತ್ತಲಾಗುತ್ತದೆ, ಬಸ್ ಇನ್ನೂ ಬಂದಿರುವುದಿಲ್ಲ. ಮೊದಲ ದಿನ ಅದನ್ನು ಕೇಳಿರದಿದ್ದರೆ ನನಗೆ ಹಾಗೆ ಕೇಳಲು ಗೊತ್ತಾಗುತ್ತಿರಲಿಲ್ಲ.

ಬಿಟ್‌ಗೆ ಏನೂ ಯೋಚಿಸಿರಲಿಲ್ಲ. ಕೊಳಲಿನವರು ಬಸ್ಸಿನ ರೆಕಾರ್ಡಿಂಗ್ ಕೇಳಿಸು ಅಂದರು. ನಾಚಿಕೆ ಆಯಿತು, ಕೇಳಿಸಿದೆ. ಅದರಲ್ಲಿ ನಾನು ಕೈಬಿಟ್ಟಿದ್ದ ಒಂದು "ತಾನ ತಾನ" ತುಂಡು ಇತ್ತು. ಅವರು ಅದನ್ನೇ ಬಿಟ್ ಮಾಡಿದರು.

ವೇದಿಕೆಯಲ್ಲಿ ಎರಡನೇ ಚರಣದ ಮೊದಲ ಪದ ಮರೆತುಹೋಯಿತು. ಪೂರ್ತಿ ಖಾಲಿ. ಚಂಡೆ ಅಣ್ಣ ಹೇಳಿದ್ದು ನೆನಪಾಗಿ ತಬಲಾ ಸರ್ ಕಡೆ ನೋಡಿದೆ. ಅವರು ಅದೇ ಠೇಕಾ ನಡೆಸುತ್ತಾ ಇದ್ದರು, ಕೊಳಲಿನವರು ಆ ತುಂಡನ್ನು ಮತ್ತೊಮ್ಮೆ ನುಡಿಸಿದರು. ಅಷ್ಟರಲ್ಲಿ ಪದ ಬಂತು. ಮರೆತಿದ್ದು ಚಿಕ್ಕಪ್ಪನಿಗೂ ಗೊತ್ತಾಗಲಿಲ್ಲ.

ಎರಡು_ಮಕ್ಕಳ_ತಾಯಿ
ಓದಿ ಕಣ್ಣು ತುಂಬಿ ಬಂತು ಮಗಳೇ. ವಿಡಿಯೋ ಇದ್ದರೆ ಹಾಕು.

ಕರಿಕೋಟು
ಫಾರಂ ಏನಾಯಿತು?

ಮಳೆಹನಿ_ಸಾಗರ
ಅಪ್ಪ ಮಾತಾಡಿದರು ಸರ್. ವಿಡಿಯೋಗೆ ಮಾತ್ರ ಅಂತ ಬದಲಾಯಿಸಿಕೊಟ್ಟರು. ಜಗಳ ಏನೂ ಆಗಲಿಲ್ಲ.

ಏಳುಮಾತ್ರೆ
ಶಾಭಾಷ್ ತಂಗಿ. ಮುಂದೇನು?

ಮಳೆಹನಿ_ಸಾಗರ
ಅಣ್ಣ, ಅವತ್ತು ಗೊತ್ತಿಲ್ಲದೆ ನುಡಿಸಿದ ಏಳು ಮಾತ್ರೆ ತಲೆಯಲ್ಲೇ ಉಳಿದಿದೆ. ಅದರಲ್ಲೇ ಒಂದು ಶುರು ಮಾಡಿದ್ದೇನೆ. ಒಂದೇ ಸಾಲು ಬಂದಿದೆ:

ಗದ್ದೆ ಅಂಚಲಿ ನಿಂತ ಸೈಕಲು

ಕನ್ನಡಮೇಷ್ಟ್ರು
ಮೂರು ನಾಲ್ಕು, ಮೂರು ನಾಲ್ಕು! ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡೆ ಇದು. "ಗದ್ದೆಯಂಚಲಿ" ಅಂದರೂ ಎಣಿಕೆ ಅದೇ. ನಿಮಗೆ ಬಾಯಿಗೆ ಯಾವುದು ಬರುತ್ತದೋ ಅದನ್ನೇ ಇಟ್ಟುಕೊಳ್ಳಿ.

ಏಳುಮಾತ್ರೆ
ಸಾಲು ಕೂರುತ್ತದೆ. ಆದರೆ ನಮ್ಮ ರೂಪಕ್‌ನಲ್ಲಿ ಸಮ್ ಖಾಲಿ ಅಂದೆನಲ್ಲ, "ಗದ್ದೆ" ಮೆತ್ತಗೆ ಬೀಳುತ್ತದೆ, ತೂಕ ಬರುವುದು "ಅಂಚಲಿ"ಗೆ. ಅದು ನಿನಗೆ ಬೇಕಾ, ಅಥವಾ "ಗದ್ದೆ"ಗೇ ತೂಕ ಬೇಕಾ? ಹಾಡಿ ಕಳಿಸು, ಎರಡೂ ರೀತಿ ನುಡಿಸಿ ಇಲ್ಲಿ ಹಾಕುತ್ತೇನೆ.